ಆಟದ ಕಂಪ್ಯೂಟರೂ ಕನ್ಸೋಲೂ: ಬೆಲೆಯ ಹಿಂದಿನ ಲೆಕ್ಕ

ಪರದೆಯ ಮೇಲೆ ಆಡುವ ಆಟಗಳನ್ನು ಹುಡುಗರ ಕಾಲಹರಣವೆಂದು ತಳ್ಳಿಹಾಕುವುದು ಸುಲಭ. ಆದರೆ ಅವುಗಳಿಗೆ ಬೇಕಾದ ಯಂತ್ರದ ಬೆಲೆಯನ್ನು ಹಾಗೆ ತಳ್ಳಿಹಾಕಲು ಬರುವುದಿಲ್ಲ. ಅನೇಕ ಕುಟುಂಬಗಳ ಒಂದೆರಡು ತಿಂಗಳ ವರಮಾನವನ್ನು ಅದು ಒಂದೇ ತುತ್ತಿಗೆ ನುಂಗಬಲ್ಲದು. ಈ ಯಂತ್ರಗಳಲ್ಲಿ ಎರಡು ಬಗೆಯುಂಟು. ಆಟಕ್ಕೆಂದೇ ನಿರ್ಮಿತವಾಗಿ, ಮೊಹರು ಮಾಡಿದ ಪೆಟ್ಟಿಗೆಯಂತೆ ಬಂದು, ಮನೆಯ ಟೆಲಿವಿಷನ್ನಿಗೆ ಜೋಡಣೆಗೊಳ್ಳುವುದು ಕನ್ಸೋಲು. ಬಿಡಿಭಾಗಗಳನ್ನು ಆರಿಸಿ ಕೂಡಿಸಿದ, ಆಟವನ್ನೂ ಆಡಿಸಬಲ್ಲ, ಪ್ರಬಂಧವನ್ನೂ ಬರೆಯಿಸಬಲ್ಲ ಯಂತ್ರವು ಗೇಮಿಂಗ್ ಕಂಪ್ಯೂಟರು. ಇವೆರಡರಲ್ಲಿ ಯಾವುದು ಅಗ್ಗ ಎಂದು ವಿದ್ಯಾರ್ಥಿಗಳಲ್ಲಿ ವಾದ ನಡೆಯುವುದನ್ನು ನಾವು ಕೇಳುತ್ತಲೇ ಇರುತ್ತೇವೆ. ಕನ್ಸೋಲೇ ಅಗ್ಗವೆಂದು ಒಬ್ಬನು, ಕಡೆಗೆ ಕಂಪ್ಯೂಟರೇ ಅಗ್ಗವೆಂದು ಮತ್ತೊಬ್ಬನು. ಸೋಜಿಗವೇನೆಂದರೆ ಇಬ್ಬರ ಮಾತೂ ನಿಜವಾಗಿರಬಲ್ಲದು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಅಂಗಡಿಯ ಚೀಟಿಯನ್ನು ಬದಿಗಿಟ್ಟು, ಯಂತ್ರವು ಮಾಡುವ ಕೆಲಸವೇನೆಂಬುದರಿಂದ ಮೊದಲುಮಾಡಬೇಕು.

ಪರದೆಯ ಮೇಲಿನ ಚಿತ್ರವು ಸಣ್ಣ ಚುಕ್ಕೆಗಳ ಸಮೂಹ. 4ಕೆ ಎಂದು ಕರೆಯುವ ಪರದೆಯಲ್ಲಿ ಅಡ್ಡಸಾಲಿಗೆ 3,840, ಉದ್ದಸಾಲಿಗೆ 2,160, ಒಟ್ಟು 82,94,400 ಚುಕ್ಕೆಗಳಿರುವುವು. ಚಲನೆಯು ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಬಾರಿ ಇಡೀ ಚಿತ್ರವನ್ನು ಹೊಸದಾಗಿ ಬರೆಯಬೇಕು. ಎಂದರೆ ಸೆಕೆಂಡಿಗೆ ಸುಮಾರು 50 ಕೋಟಿ ಚುಕ್ಕೆಗಳು! ಒಂದೊಂದು ಚುಕ್ಕೆಗೂ ಬೆಳಕು ಎಲ್ಲಿಂದ ಬಂತು, ನೆರಳು ಎಲ್ಲಿ ಬಿತ್ತು, ಗೋಡೆ ಒರಟೋ ನುಣುಪೋ ಎಂಬುದನ್ನು ಲೆಕ್ಕಹಾಕಿ ಬಣ್ಣವನ್ನು ನಿರ್ಧರಿಸಬೇಕು.

2020ರ ನವೆಂಬರಿನಲ್ಲಿ ಹೊರಬಂದ ಸೋನಿ ಕಂಪೆನಿಯ ಪ್ಲೇಸ್ಟೇಷನ್ 5 ಎಂಬ ಕನ್ಸೋಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಚಿತ್ರಗಣಕದಲ್ಲಿ ಕೆಲಸ ಮಾಡುವ ಘಟಕಗಳು 36. ಒಂದೊಂದು ಘಟಕದಲ್ಲಿಯೂ 64 ಗಣನಾಂಗಗಳು. ಒಂದು ಬಡಿತಕ್ಕೆ ಪ್ರತಿಯೊಂದು ಅಂಗವೂ ಒಂದು ಗುಣಾಕಾರ, ಒಂದು ಸಂಕಲನ, ಹೀಗೆ ಎರಡು ಕ್ರಿಯೆಗಳನ್ನು ಮಾಡುವುದು. ಬಡಿತಗಳು ಸೆಕೆಂಡಿಗೆ ಹೆಚ್ಚೆಂದರೆ 223 ಕೋಟಿ. ಇವೆಲ್ಲವನ್ನೂ ಗುಣಿಸಿದರೆ ಸೆಕೆಂಡಿಗೆ 10.28 ಲಕ್ಷ ಕೋಟಿ ಕ್ರಿಯೆಗಳೆಂದು ಬರುತ್ತದೆ. ಕಂಪೆನಿಯವರು ಜಾಹೀರಾತಿನಲ್ಲಿ 10.28 ಟೆರಾಫ್ಲಾಪ್ ಎಂದು ಹೇಳುವುದು ಇದನ್ನೇ. ಇದನ್ನು 50 ಕೋಟಿಯಿಂದ ಭಾಗಿಸಿದರೆ ಒಂದು ಚುಕ್ಕೆಯ ಪಾಲಿಗೆ ಸುಮಾರು 20,000 ಕ್ರಿಯೆಗಳು ದೊರೆಯುವುವು. ಪರದೆಯನ್ನು 1,920ಕ್ಕೆ 1,080ರ ಅಳತೆಗೆ ಇಳಿಸಿದರೆ ಚುಕ್ಕೆಗಳ ಸಂಖ್ಯೆ ಸರಿಯಾಗಿ ನಾಲ್ಕನೆಯ ಒಂದು ಪಾಲಾಗುವುದು. ಒಂದೊಂದು ಚುಕ್ಕೆಗೂ ನಾಲ್ಕು ಪಟ್ಟು ಲೆಕ್ಕ ಮಾಡಲು ಅವಕಾಶವಾಗುವುದು. ಆದಕಾರಣ ಎರಡು ಯಂತ್ರಗಳ ಬೆಲೆಯನ್ನು ಹೋಲಿಸುವವರು ಅವೆರಡೂ ಒಂದೇ ಅಳತೆಯ ಪರದೆಯ ಮೇಲೆ, ಒಂದೇ ವೇಗದಲ್ಲಿ ಆಡಿಸುತ್ತಿವೆಯೇ ಎಂಬುದನ್ನು ಮೊದಲು ನೋಡತಕ್ಕದ್ದು. ಅಂಗಡಿಯ ಮುಂದೆ ನಿಂತು ವಾದಿಸುವವರು ಇದನ್ನು ನೋಡುವುದು ಅಪರೂಪ.

ಒಂದು ಚಿಪ್‌ನ ಬೆಲೆ

ಗೇಮಿಂಗ್ ಕಂಪ್ಯೂಟರಿನಲ್ಲಿ ಮುಖ್ಯ ಪ್ರೊಸೆಸರು ಬೇರೆ, ಗ್ರಾಫಿಕ್ಸ್ ಕಾರ್ಡು ಬೇರೆ. ಎರಡಕ್ಕೂ ಬೇರೆಬೇರೆ ಮೆಮೊರಿ, ಬೇರೆಬೇರೆ ಫ್ಯಾನು. ಅದು ಎರಡು ಅಡಿಗೆಮನೆಗಳಿರುವ ಮನೆಯಂತೆ. ಒಂದರಲ್ಲಿ ಹೆಚ್ಚಿದ ತರಕಾರಿಯನ್ನು ಮತ್ತೊಂದಕ್ಕೆ ಹೊತ್ತುಕೊಂಡು ಹೋಗಬೇಕು. ಕನ್ಸೋಲಿನಲ್ಲಿ ಎರಡೂ ಒಂದೇ ಚಿಪ್‌ನ ಮೇಲೆ ಕುಳಿತು, ಒಂದೇ 16 ಗಿಗಾಬೈಟ್ ಮೆಮೊರಿಯನ್ನು ಹಂಚಿಕೊಳ್ಳುವುವು. ಭಾಗಗಳು ಕಡಿಮೆ, ಜೋಡಣೆ ಕಡಿಮೆ, ಆದ್ದರಿಂದ ಖರ್ಚೂ ಕಡಿಮೆ.

ಆದರೆ ದೊಡ್ಡ ಚಿಪ್‌ಗೆ ತನ್ನದೇ ಆದ ಒಂದು ತೊಂದರೆಯುಂಟು. ಚಿಪ್‌ಗಳನ್ನು ಒಂದೊಂದಾಗಿ ಮಾಡುವುದಿಲ್ಲ. 300 ಮಿಲಿಮೀಟರ್ ವ್ಯಾಸದ ಸಿಲಿಕಾನ್ ಬಿಲ್ಲೆಯ ಮೇಲೆ ಒಟ್ಟಿಗೆ ಅಚ್ಚೊತ್ತಿ, ಬಳಿಕ ಕತ್ತರಿಸುವರು. ಬಿಲ್ಲೆಯ ವಿಸ್ತೀರ್ಣ ಸುಮಾರು 70,700 ಚದರ ಮಿ.ಮೀ. ಮೊದಲ ಪ್ಲೇಸ್ಟೇಷನ್ 5ರ ಚಿಪ್‌ನ ವಿಸ್ತೀರ್ಣ ಸುಮಾರು 308 ಚದರ ಮಿ.ಮೀ. ಭಾಗಿಸಿದರೆ 229, ದುಂಡನೆಯ ಬಿಲ್ಲೆಯ ಅಂಚಿನಲ್ಲಿ ಹಾಳಾಗುವುದನ್ನು ಕಳೆದರೆ ಸುಮಾರು 190. ಇವೆಲ್ಲವೂ ಒಳ್ಳೆಯವಾಗಿರುವುದಿಲ್ಲ. ಬಿಲ್ಲೆಯ ಮೇಲೆ ಅಲ್ಲಲ್ಲಿ ಸೂಕ್ಷ್ಮ ದೋಷಗಳು ಚದುರಿರುವುವು. ಒಂದು ಚದರ ಸೆಂಟಿಮೀಟರಿಗೆ ಸರಾಸರಿ 0.1 ದೋಷವೆಂದು ಊಹಿಸಿಕೊಳ್ಳೋಣ. ಆಗ 3.08 ಚದರ ಸೆಂ.ಮೀ. ವಿಸ್ತಾರದ ಚಿಪ್ಪೊಂದರ ಮೇಲೆ ಒಂದೂ ದೋಷವಿಲ್ಲದಿರುವ ಸಂಭವವು, ವಿಕಿರಣಶೀಲ ಪರಮಾಣುಗಳ ಕ್ಷಯದಲ್ಲಿ ವಿದ್ಯಾರ್ಥಿಗಳು ಕಂಡಿರುವ ಅದೇ ಘಾತೀಯ ನಿಯಮದಂತೆ, 0.73ರ ಆಸುಪಾಸು. ಎಂದರೆ 190ರಲ್ಲಿ 140 ಒಳ್ಳೆಯವು, 50 ಕೆಟ್ಟವು. ಕೆಟ್ಟ 50ರ ಖರ್ಚನ್ನು ಒಳ್ಳೆಯ 140 ಹೊರಬೇಕು.

ಇಲ್ಲಿಯೇ ಎರಡು ವ್ಯಾಪಾರಗಳ ದಾರಿ ಬೇರೆಯಾಗುವುದು. ಗ್ರಾಫಿಕ್ಸ್ ಕಾರ್ಡು ಮಾಡುವವನು ಅರೆಕೆಟ್ಟ ಚಿಪ್‌ನ ಕೆಟ್ಟ ಭಾಗವನ್ನು ಮುಚ್ಚಿ, ಅದನ್ನು ಇನ್ನೊಂದು ಹೆಸರಿನಲ್ಲಿ ಅಗ್ಗದ ಕಾರ್ಡಾಗಿ ಮಾರಬಲ್ಲನು. ಮಾವಿನಹಣ್ಣಿನ ವ್ಯಾಪಾರಿ ಒಂದನೆಯ ದರ್ಜೆ, ಎರಡನೆಯ ದರ್ಜೆ ಎಂದು ಬುಟ್ಟಿಗಳನ್ನು ಬೇರ್ಪಡಿಸುವಂತೆ. ಕನ್ಸೋಲಿನವನಿಗೆ ಆ ಸೌಕರ್ಯವಿಲ್ಲ. ಅವನ ಪೆಟ್ಟಿಗೆಗಳೆಲ್ಲ ಒಂದೇ ಶಕ್ತಿಯವಾಗಿರಬೇಕು. ಅವನು ಮಾಡಿಕೊಂಡಿರುವ ಉಪಾಯ ಬಹು ಸೊಗಸಾದುದು. ಪ್ಲೇಸ್ಟೇಷನ್ 5ರ ಚಿಪ್‌ನ ಮೇಲೆ ಅಚ್ಚಾಗಿರುವುದು 36 ಘಟಕಗಳಲ್ಲ, 40! ಯಾವ ಘಟಕದಲ್ಲಿ ದೋಷವಿದೆಯೋ ಅದನ್ನೂ ಸೇರಿಸಿ ನಾಲ್ಕನ್ನು ಆರಿಸಿಬಿಟ್ಟು, 36ನ್ನು ಮಾತ್ರ ನಡೆಸುವರು. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎಂಬ ಕನ್ಸೋಲಿನಲ್ಲಿಯೂ ಇದೇ ಏರ್ಪಾಡು: 56ರಲ್ಲಿ 52. ಎಲ್ಲವೂ ಸರಿಯಾಗಿರುವ ಚಿಪ್‌ನಲ್ಲಿಯೂ ನಾಲ್ಕು ಒಳ್ಳೆಯ ಘಟಕಗಳು ಜೀವಮಾನವೆಲ್ಲ ನಿದ್ರಿಸಬೇಕಾಗುವುದು. ಪೋಲೆಂದು ತೋರಿದರೂ ಇದರಿಂದ ಕಸದ ಬುಟ್ಟಿಗೆ ಹೋಗುವ ಚಿಪ್‌ಗಳು ಕಡಿಮೆಯಾಗಿ, ಒಟ್ಟಿನಲ್ಲಿ ಉಳಿತಾಯವೇ ಆಗುತ್ತದೆ.

ಶಾಖದ ಮಾತನ್ನೂ ಇಲ್ಲಿ ಹೇಳಬೇಕು. ಚಿಪ್‌ನಲ್ಲಿ ವ್ಯಯವಾಗುವ ಸಾಮರ್ಥ್ಯವು ಸ್ಥೂಲವಾಗಿ ವೋಲ್ಟೇಜಿನ ವರ್ಗಕ್ಕೂ ಬಡಿತದ ಆವೃತ್ತಿಗೂ ಅನುಪಾತದಲ್ಲಿರುತ್ತದೆ. ಆವೃತ್ತಿಯನ್ನು ನೂರಕ್ಕೆ ಹತ್ತರಷ್ಟು ಏರಿಸಲು ವೋಲ್ಟೇಜನ್ನೂ ಅಷ್ಟೇ ಏರಿಸಬೇಕಾಗಿ ಬಂದರೆ, 1.1ರ ಘನ, ಎಂದರೆ 1.33 ಪಟ್ಟು ಶಾಖ ಹುಟ್ಟುವುದು. ನೂರಕ್ಕೆ ಹತ್ತರಷ್ಟು ವೇಗಕ್ಕೆ ಮೂವತ್ತಮೂರರಷ್ಟು ಬಿಸಿ. ದುಬಾರಿಯ ಕಾರ್ಡುಗಳು ಈ ಕಡಿದಾದ ಏರಿನ ಮೇಲೆಯೇ ನಿಂತಿರುತ್ತವೆ. ಅವುಗಳಿಗೆ ದೊಡ್ಡ ಫ್ಯಾನು, ದಪ್ಪ ತಾಮ್ರದ ಕೊಳವೆಗಳು, ಬಲವಾದ ಪವರ್ ಸಪ್ಲೈ ಎಲ್ಲವೂ ಬೇಕು. 2022ರಲ್ಲಿ ಬಂದ ಎನ್‌ವಿಡಿಯ ಕಂಪೆನಿಯ ಆರ್‌ಟಿಎಕ್ಸ್ 4090 ಎಂಬ ಕಾರ್ಡೊಂದೇ 450 ವ್ಯಾಟನ್ನು ಎಳೆಯಬಲ್ಲದು. ಅದರ ಆರಂಭದ ಬೆಲೆ 1,599 ಡಾಲರು. 2020ರ ಬೆಲೆಯಲ್ಲಿ ಮೂರು ಪ್ಲೇಸ್ಟೇಷನ್ 5ಗಳನ್ನು ಕೊಂಡರೂ ಮೇಲೆ ನೂರು ಡಾಲರು ಉಳಿಯುತ್ತದೆ. ಇಂತಹ ಕಾರ್ಡನ್ನು ಹಾಕಿದ ಕಂಪ್ಯೂಟರನ್ನು ಕನ್ಸೋಲಿನೊಡನೆ ಹೋಲಿಸಿ, ಕಂಪ್ಯೂಟರು ದುಬಾರಿಯೆಂದು ತೀರ್ಪು ಕೊಡುವುದು ನ್ಯಾಯವಲ್ಲ. ಕೆಲಸವೇ ಬೇರೆ.

ನಷ್ಟಕ್ಕೆ ಮಾರುವ ವ್ಯಾಪಾರ

ಇಷ್ಟೆಲ್ಲ ಮಿತವ್ಯಯವನ್ನು ಲೆಕ್ಕಕ್ಕೆ ಹಿಡಿದರೂ ಕನ್ಸೋಲು ಅಷ್ಟು ಅಗ್ಗವಾಗಿರುವುದಕ್ಕೆ ಪೂರ್ಣ ಕಾರಣ ಸಿಕ್ಕುವುದಿಲ್ಲ. ಉಳಿದ ಕಾರಣವು ಭೌತವಿಜ್ಞಾನದ್ದಲ್ಲ, ವ್ಯಾಪಾರದ್ದು. 2006ರ ನವೆಂಬರಿನಲ್ಲಿ ಸೋನಿಯವರು ಪ್ಲೇಸ್ಟೇಷನ್ 3ನ್ನು ಅಮೆರಿಕದಲ್ಲಿ 499 ಮತ್ತು 599 ಡಾಲರುಗಳಿಗೆ ಮಾರಲು ತೊಡಗಿದರು. ಐಸಪ್ಲೈ ಎಂಬ ಸಂಸ್ಥೆಯವರು ಅದನ್ನು ಬಿಚ್ಚಿ, ಒಳಗಿನ ಭಾಗಗಳಿಗೂ ಜೋಡಣೆಗೂ ತಗಲುವ ವೆಚ್ಚವನ್ನು ಅಂದಾಜು ಮಾಡಿದರು: ಅನುಕ್ರಮವಾಗಿ ಸುಮಾರು 806 ಮತ್ತು 840 ಡಾಲರು. ಪೆಟ್ಟಿಗೆ ಒಂದಕ್ಕೆ 240ರಿಂದ 300 ಡಾಲರಿನಷ್ಟು ನಷ್ಟ! 2021ರಲ್ಲಿ ಅಮೆರಿಕದ ನ್ಯಾಯಾಲಯವೊಂದರಲ್ಲಿ ಸಾಕ್ಷ್ಯ ನುಡಿದ ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರು, ಎಕ್ಸ್‌ಬಾಕ್ಸ್ ಯಂತ್ರಗಳ ಮಾರಾಟದಿಂದ ತಮ್ಮ ಕಂಪೆನಿಗೆ ಎಂದೂ ಲಾಭ ಬಂದಿಲ್ಲವೆಂದರು.

ಲಾಭ ಬರುವುದು ಆಟಗಳಿಂದ. ಕನ್ಸೋಲಿನ ಅಂಗಡಿಯಲ್ಲಿ ಮಾರಾಟವಾಗುವ ಪ್ರತಿಯೊಂದು ಆಟದ ಬೆಲೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ 30 ಪಾಲು ಯಂತ್ರ ಮಾಡಿದವನಿಗೆ ಸೇರುವುದು. ಬೇರೆ ಊರಿನ ಗೆಳೆಯರೊಡನೆ ಅಂತರ್ಜಾಲದ ಮೂಲಕ ಆಡಬೇಕಾದರೆ, ಹಣ ಕೊಟ್ಟು ಕೊಂಡ ಹೆಚ್ಚಿನ ಆಟಗಳಿಗೆ ವರ್ಷವರ್ಷವೂ ಚಂದಾ ಬೇರೆ. ಕಂಪ್ಯೂಟರಿನಲ್ಲಿ ಅಂತಹ ಚಂದಾ ಇಲ್ಲ. ಅಲ್ಲಿಯೂ ಸ್ಟೀಮ್ ಎಂಬ ದೊಡ್ಡ ಅಂಗಡಿ ನೂರಕ್ಕೆ 30ನ್ನೇ ತೆಗೆದುಕೊಳ್ಳುವುದಾದರೂ ಅದರ ಪಕ್ಕದಲ್ಲಿ ಬೇರೆ ಅಂಗಡಿಗಳುಂಟು. 2018ರಲ್ಲಿ ತೆರೆದ ಎಪಿಕ್ ಎಂಬುದು ನೂರಕ್ಕೆ 12ನ್ನು ಮಾತ್ರ ಕೇಳಿತು. ಪೈಪೋಟಿ ಇದ್ದಲ್ಲಿ ಬೆಲೆ ಇಳಿಯುವುದು ಸಹಜ. ಇತ್ತ ಕಂಪ್ಯೂಟರಿನ ಒಂದೊಂದು ಭಾಗವನ್ನೂ ಬೇರೊಬ್ಬನು ಮಾಡುವನು. ಆಟಗಳ ಮಾರಾಟದಲ್ಲಿ ಪಾಲಿಲ್ಲದ ಅವರೆಲ್ಲರೂ ತಮ್ಮ ಲಾಭವನ್ನು ಪೆಟ್ಟಿಗೆಯ ಬೆಲೆಯಲ್ಲಿಯೇ ಪಡೆಯಬೇಕು.

ಹಾಗಾದರೆ ನಷ್ಟಕ್ಕೆ ಮಾರಿದ ಪೆಟ್ಟಿಗೆಯನ್ನು ಕೊಂಡು, ಆಟವನ್ನು ಮಾತ್ರ ಕೊಳ್ಳದೆ ಇದ್ದರೆ? ಈ ಪ್ರಶ್ನೆ ಕೇಳಿದವರು ವಿಜ್ಞಾನಿಗಳೇ. ಪ್ಲೇಸ್ಟೇಷನ್ 3ರಲ್ಲಿದ್ದ ಸೆಲ್ ಎಂಬ ಪ್ರೊಸೆಸರನ್ನು ಸೋನಿ, ತೊಷಿಬಾ, ಐಬಿಎಂ ಕಂಪೆನಿಗಳು ಕೂಡಿ ರಚಿಸಿದ್ದುವು. ಅದೇ ಜಾತಿಯ ಪ್ರೊಸೆಸರುಗಳನ್ನೊಳಗೊಂಡ ರೋಡ್‌ರನ್ನರ್ ಎಂಬ ಅಮೆರಿಕದ ಮಹಾಗಣಕವು 2008ರಲ್ಲಿ ಸೆಕೆಂಡಿಗೆ ನೂರು ಕೋಟಿ ಲಕ್ಷವನ್ನೂ ಅದರ ಹತ್ತು ಪಟ್ಟನ್ನೂ ದಾಟಿ, ಪೆಟಾಫ್ಲಾಪ್ ಎಂಬ ಮಿತಿಯನ್ನು ಎಲ್ಲಕ್ಕಿಂತ ಮೊದಲು ಮುಟ್ಟಿತು. ಅಲ್ಲದೆ ಆಗಿನ ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ಹಾಕಿಕೊಳ್ಳಲು ಸೋನಿಯವರೇ ಅನುಮತಿ ಕೊಟ್ಟಿದ್ದರು. ಮೆಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಡಾರ್ಟ್‌ಮತ್ ಶಾಖೆಯ ಭೌತವಿಜ್ಞಾನಿ ಗೌರವ್ ಖನ್ನಾ ಅವರು 2007ರಲ್ಲಿ ಇಂತಹ ಕನ್ಸೋಲುಗಳನ್ನು ಒಂದಕ್ಕೊಂದು ಜೋಡಿಸಿ, ಕಪ್ಪು ಕುಳಿಗಳಿಂದ ಹೊರಡುವ ಗುರುತ್ವದ ಅಲೆಗಳ ಗಣನೆಗೆ ತೊಡಗಿದರು. ಮೊದಲ ಕೆಲವು ಯಂತ್ರಗಳನ್ನು ಸೋನಿಯವರು ದಾನವಾಗಿ ಕೊಟ್ಟರು; ಜೋಡಣೆ ಬೆಳೆದು 16 ಯಂತ್ರಗಳಾಯಿತು. ಗುರುತ್ವದ ಅಲೆಗಳನ್ನು ಉಪಕರಣದಲ್ಲಿ ನೇರವಾಗಿ ಗುರುತಿಸಿದ್ದು 2015ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಮಕ್ಕಳ ಆಟದ ಪೆಟ್ಟಿಗೆಯೊಳಗೆ ಐನ್‌ಸ್ಟೈನರ ಸಮೀಕರಣಗಳು!

2010ರಲ್ಲಿ ಅಮೆರಿಕದ ವಾಯುಸೇನೆಯ ಸಂಶೋಧನಾಲಯವು ನ್ಯೂಯಾರ್ಕ್ ರಾಜ್ಯದ ರೋಮ್ ಪಟ್ಟಣದಲ್ಲಿ ಇದನ್ನು ಭಾರಿ ಪ್ರಮಾಣದಲ್ಲಿಯೇ ಮಾಡಿತು. 1,760 ಪ್ಲೇಸ್ಟೇಷನ್ 3ಗಳನ್ನೂ ಕೆಲವು ಗ್ರಾಫಿಕ್ಸ್ ಕಾರ್ಡುಗಳನ್ನೂ ಸೇರಿಸಿ ಕಾಂಡರ್ ಎಂಬ ಮಹಾಗಣಕವನ್ನು ಕಟ್ಟಿದರು. ಶಕ್ತಿ 500 ಟೆರಾಫ್ಲಾಪ್, ವೆಚ್ಚ ಸುಮಾರು 20 ಲಕ್ಷ ಡಾಲರು; ಬೇರೆ ವಿಧದಲ್ಲಿ ಕಟ್ಟಿದ್ದರೆ ಇದರ ಹತ್ತು ಪಟ್ಟಾದರೂ ಆಗುತ್ತಿತ್ತೆಂದು ಅದನ್ನು ಕಟ್ಟಿದವರ ಎಣಿಕೆ. ಅಷ್ಟು ಪೆಟ್ಟಿಗೆಗಳು ಮಾರಾಟವಾದುವು. ಒಂದು ಆಟವೂ ಮಾರಾಟವಾಗಲಿಲ್ಲ. ಸೋನಿಯವರು 2009ರ ತೆಳು ಮಾದರಿಯಲ್ಲಿ ಲಿನಕ್ಸಿನ ಅನುಮತಿಯನ್ನು ಕೈಬಿಟ್ಟಿದ್ದರು. 2010ರ ಏಪ್ರಿಲ್ 1ರಂದು ಹಳೆಯ ಮಾದರಿಗಳಿಂದಲೂ ತೆಗೆದರು. ಭದ್ರತೆಗಾಗಿ ಹಾಗೆ ಮಾಡಿದುದಾಗಿ ಹೇಳಿದರು. ಕಾರಣವೇನೇ ಇರಲಿ, ಕನ್ಸೋಲನ್ನು ಕೊಂಡವನು ಕೊಂಡದ್ದು ಸಂಪೂರ್ಣ ಯಂತ್ರವನ್ನಲ್ಲ, ಕಂಪೆನಿ ಅನುಮತಿಸಿದಷ್ಟು ಕೆಲಸವನ್ನು ಮಾತ್ರ ಎಂಬುದು ಅಂದು ಸ್ಪಷ್ಟವಾಯಿತು. ನಮ್ಮ ಮಟ್ಟಿಗೆ, ಎರಡು ಯಂತ್ರಗಳ ನಡುವಣ ಬೆಲೆಯ ಅಂತರದಲ್ಲಿ ಈ ಸ್ವಾತಂತ್ರ್ಯದ ಬೆಲೆಯೂ ಸೇರಿದೆಯೆಂದೇ ತೋರುತ್ತದೆ.

ಮನೆಯ ಲೆಕ್ಕ

ಈಗ ರೂಪಾಯಿಗಳಿಗೆ ಬರೋಣ. ಭಾರತದಲ್ಲಿ 2021ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ 5 ಮಾರಾಟಕ್ಕೆ ಬಂದಾಗ ಡಿಸ್ಕ್ ಹಾಕುವ ಮಾದರಿಗೆ ರೂ. 49,990, ಡಿಸ್ಕ್ ಇಲ್ಲದ ಮಾದರಿಗೆ ರೂ. 39,990. ಬೆಲೆಗಳು ಅಂದಿನಿಂದ ಬದಲಾಗಿವೆ. ಇಲ್ಲಿ ಬೇಕಾಗಿರುವುದು ಲೆಕ್ಕದ ರೀತಿ ಮಾತ್ರ. ಆದ್ದರಿಂದ ದುಂಡಾದ ಸಂಖ್ಯೆಗಳನ್ನು ಊಹಿಸಿಕೊಳ್ಳುವೆವು; ವಾಚಕರು ತಮ್ಮ ಊರಿನ ಬೆಲೆಗಳನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಬಹುದು. ಕನ್ಸೋಲಿಗೆ 50,000, ಹೆಚ್ಚುಕಡಿಮೆ ಅಷ್ಟೇ ಶಕ್ತಿಯ ಕಂಪ್ಯೂಟರಿಗೆ 80,000. ವರ್ಷಕ್ಕೆ ನಾಲ್ಕು ಹೊಸ ಆಟಗಳು: ಕನ್ಸೋಲಿನಲ್ಲಿ ಒಂದಕ್ಕೆ 4,000, ಕಂಪ್ಯೂಟರಿನಲ್ಲಿ 3,000. ಕನ್ಸೋಲಿನ ಚಂದಾ ವರ್ಷಕ್ಕೆ 4,000. ಹೀಗೆ ಕನ್ಸೋಲಿನವನು ವರ್ಷವೂ 8,000 ರೂಪಾಯಿ ಹೆಚ್ಚು ಕೊಡುವನು.

ವಿದ್ಯುತ್ತಿನ ಖರ್ಚು ಇದಕ್ಕೆ ವಿರುದ್ಧವಾಗಿ ನಡೆಯುವುದು. ಆಡುವಾಗ ಕನ್ಸೋಲು ಸುಮಾರು 200 ವ್ಯಾಟನ್ನೂ ಕಂಪ್ಯೂಟರು 300 ವ್ಯಾಟನ್ನೂ ಎಳೆಯುವುವೆಂದು ಹಿಡಿಯೋಣ. ದಿನಕ್ಕೆ ಎರಡು ಗಂಟೆ. ಪರೀಕ್ಷೆಯ ದಿನಗಳನ್ನು ಬಿಟ್ಟು (ಬಿಡುವರೆಂದು ನಂಬೋಣ) ವರ್ಷಕ್ಕೆ 300 ದಿನ. 600 ಗಂಟೆಗಳಲ್ಲಿ ಕನ್ಸೋಲಿಗೆ 120 ಯೂನಿಟ್ಟು, ಕಂಪ್ಯೂಟರಿಗೆ 180 ಯೂನಿಟ್ಟು. ಯೂನಿಟ್ಟಿಗೆ 6 ರೂಪಾಯಿಯಾದರೆ ವ್ಯತ್ಯಾಸವು ವರ್ಷಕ್ಕೆ ಬರೇ 360 ರೂಪಾಯಿ. ವಿದ್ಯುತ್ತಿನ ಹೆಸರು ಹೇಳಿ ಹೆದರಿಸುವವರು ಈ ಸಂಖ್ಯೆಯನ್ನು ಗಮನಿಸಬೇಕು. ಆದರೆ ಒಂದು ಅಪವಾದವುಂಟು. 2023ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ನಿಯಮದಂತೆ ತಿಂಗಳ ಬಳಕೆ 200 ಯೂನಿಟ್ಟನ್ನು ಮೀರಿದರೆ ಇಡೀ ಬಿಲ್ಲನ್ನು ಕಟ್ಟಬೇಕು. ಮೊದಲೇ 190ರ ಹತ್ತಿರವಿರುವ ಮನೆಯಲ್ಲಿ ಕನ್ಸೋಲಿನ 12 ಯೂನಿಟ್ಟುಗಳೇ ಗೆರೆಯನ್ನು ದಾಟಿಸಲು ಸಾಕು.

ಈಗ 8,000ದಲ್ಲಿ 360ನ್ನು ಕಳೆದರೆ ಉಳಿಯುವುದು 7,640. ಕಂಪ್ಯೂಟರಿಗೆ ಮೊದಲು ಕೊಟ್ಟ ಹೆಚ್ಚುವರಿ 30,000 ರೂಪಾಯಿಯನ್ನು ಇದರಿಂದ ಭಾಗಿಸಿದರೆ 3.93. ನಾಲ್ಕು ವರ್ಷಕ್ಕೆ ತುಸು ಮುಂಚೆ ಎರಡೂ ಸಮವಾಗಿ, ಆಮೇಲೆ ಕಂಪ್ಯೂಟರು ಅಗ್ಗವಾಗುವುದು. ಪ್ಲೇಸ್ಟೇಷನ್ನಿನ ಮೂರನೆಯ, ನಾಲ್ಕನೆಯ, ಐದನೆಯ ಪೀಳಿಗೆಗಳು 2006, 2013, 2020ರಲ್ಲಿ ಬಂದುವು. ಏಳೇಳು ವರ್ಷಗಳ ಅಂತರ. ನಾಲ್ಕು ವರ್ಷವೆಂಬುದು ಅದಕ್ಕಿಂತ ಸಾಕಷ್ಟು ಕಡಿಮೆ. ಅಷ್ಟರಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಒಮ್ಮೆ ಬದಲಿಸುವ ಆಸೆ ಹುಟ್ಟಿತೋ, ಸಮವಾಗುವ ದಿನ ಮತ್ತೆ ಮುಂದಕ್ಕೆ ಹೋಗುವುದು.

ಒಂದೇ ಒಂದು ಊಹೆಯನ್ನು ಬದಲಿಸಿ ನೋಡೋಣ. ಓದಿಗಾಗಿ ಮನೆಗೆ ಹೇಗೂ 40,000 ರೂಪಾಯಿಯ ಕಂಪ್ಯೂಟರು ಬೇಕಾಗಿದ್ದರೆ? ಆಗ ಹೋಲಿಸಬೇಕಾದುದು 80,000ವನ್ನು 50,000ದೊಡನಲ್ಲ, 90,000ದೊಡನೆ. ಕಂಪ್ಯೂಟರು ಮೊದಲ ದಿನವೇ 10,000 ರೂಪಾಯಿ ಅಗ್ಗ. ಮತ್ತೊಂದು ಊಹೆ: ಕನ್ಸೋಲಿನವನು ಡಿಸ್ಕುಗಳನ್ನು ಕೊಂಡು, ಆಡಿ ಮುಗಿಸಿ, ಅರ್ಧ ಬೆಲೆಗೆ ಮಾರಿಬಿಡುವನು. ಆಟ ಒಂದಕ್ಕೆ 2,000, ನಾಲ್ಕಕ್ಕೆ 8,000, ಚಂದಾ ಸೇರಿ 12,000. ಕಂಪ್ಯೂಟರಿನಲ್ಲಿ ಇಳಿಸಿಕೊಂಡ ಆಟವನ್ನು ಮಾರಲು ಬಾರದು. ನಾಲ್ಕು ಆಟಗಳಿಗೆ 12,000. ಎರಡೂ ಸಮ. ಆಗ ಕಂಪ್ಯೂಟರಿಗೆ ಕೊಟ್ಟ ಹೆಚ್ಚುವರಿ ಹಣ ಎಂದಿಗೂ ಹಿಂದಕ್ಕೆ ಬಾರದು! ಡಿಸ್ಕ್ ಇಲ್ಲದ ಮಾದರಿಯನ್ನು ಕೊಂಡು 10,000 ಉಳಿಸಿದೆನೆಂದು ಸಂತೋಷಪಡುವವನು ಇದೇ ಲೆಕ್ಕದಂತೆ ವರ್ಷಕ್ಕೆ 8,000ದ ಮರುಮಾರಾಟವನ್ನು ಕಳೆದುಕೊಂಡು, ಉಳಿಸಿದ್ದನ್ನು ಹದಿನೈದು ತಿಂಗಳಲ್ಲಿ ಕೊಟ್ಟು ಮುಗಿಸುವನು. ವಾದ ಮಾಡುವವರಿಬ್ಬರೂ ನಿಜ ಹೇಳುತ್ತಿರಬಹುದೆಂದು ಮೊದಲೇ ನುಡಿದುದು ಇದಕ್ಕಾಗಿಯೇ.

ಕಾದು ಕೊಂಡರೆ ಬೆಲೆ ಇಳಿಯುವುದೆಂಬ ಹಳೆಯ ನಂಬಿಕೆಯೂ ಈಗ ಅಲುಗಾಡಿದೆ. 2000ದಲ್ಲಿ ಅಮೆರಿಕದಲ್ಲಿ 299 ಡಾಲರಿಗೆ ಬಂದ ಪ್ಲೇಸ್ಟೇಷನ್ 2, 2009ರಲ್ಲಿ 99 ಡಾಲರಿಗೆ ಇಳಿದಿತ್ತು. ಚಿಪ್‌ನ ಅಚ್ಚು ವರ್ಷದಿಂದ ವರ್ಷಕ್ಕೆ ಕಿರಿದಾಗಿ, ಒಂದೇ ಬಿಲ್ಲೆಯಿಂದ ಹೆಚ್ಚು ಚಿಪ್‌ಗಳು ದೊರೆಯುತ್ತಿದ್ದುವು. ಈಗ ಅಚ್ಚನ್ನು ಕಿರಿದು ಮಾಡುವ ವೆಚ್ಚವೇ ಏರಿ, ಆ ಉಳಿತಾಯ ಬತ್ತಿದೆ. ಸುಂಕ, ನಾಣ್ಯಗಳ ವಿನಿಮಯ ದರ ಇವೂ ಸೇರಿ, 2020ರಲ್ಲಿ 499 ಡಾಲರಿದ್ದ ಪ್ಲೇಸ್ಟೇಷನ್ 5 ಅಮೆರಿಕದಲ್ಲಿ 2025ರ ಆಗಸ್ಟಿನಲ್ಲಿ 549ಕ್ಕೆ ಏರಿತು. ಕಂಪ್ಯೂಟರಿನ ಕಡೆಯೂ ನೆಮ್ಮದಿಯಿಲ್ಲ. 2021ರಲ್ಲಿ ಈಥೀರಿಯಮ್ ಎಂಬ ಗೂಢನಾಣ್ಯವನ್ನು ಗಣಿಸುವವರು ಗ್ರಾಫಿಕ್ಸ್ ಕಾರ್ಡುಗಳನ್ನು ಮುಗಿಬಿದ್ದು ಕೊಂಡುದರಿಂದ ಅವು ನಿಗದಿಯಾದ ಬೆಲೆಗೆ ಸಿಕ್ಕುವುದೇ ದುರ್ಲಭವಾಯಿತು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ವ್ಯವಸ್ಥೆಯೇ ಬದಲಾಗಿ, ಕಾರ್ಡುಗಳು ಬೇಡವಾದುವು.

ಮೇಲೆ ಊಹಿಸಿದ ಸಂಖ್ಯೆಗಳಲ್ಲಿ ಒಂದನ್ನಾದರೂ ವಿದ್ಯಾರ್ಥಿಗಳು ಮನೆಯಲ್ಲಿಯೇ ಅಳೆಯಬಹುದು. ಗೋಡೆಯ ಮೇಲಿನ ವಿದ್ಯುತ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಅದರ ಪಕ್ಕದಲ್ಲಿ ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದನ್ನು ಅಚ್ಚುಮಾಡಿರುವರು. ಅನೇಕ ಮೀಟರುಗಳಲ್ಲಿ ಅದು 3,200. ಮನೆಯವರ ಒಪ್ಪಿಗೆ ಪಡೆದು, ಫ್ರಿಜ್ಜು, ಫ್ಯಾನು, ದೀಪಗಳನ್ನೆಲ್ಲ ಐದು ನಿಮಿಷ ಆರಿಸಿ, ಆಟದ ಯಂತ್ರವನ್ನೂ ಅದರ ಪರದೆಯನ್ನೂ ಮಾತ್ರ ನಡೆಸಿ, ಮಿನುಗುಗಳನ್ನು ಎಣಿಸಬೇಕು. ಬಳಿಕ ಪರದೆಯೊಂದನ್ನೇ ನಡೆಸಿ ಅಷ್ಟೇ ಹೊತ್ತು ಎಣಿಸಿ, ಮೊದಲಿನದರಿಂದ ಕಳೆಯಬೇಕು. ಉಳಿದ ಸಂಖ್ಯೆಯನ್ನು 3.75ರಿಂದ ಗುಣಿಸಿದರೆ ಯಂತ್ರದ ಸಾಮರ್ಥ್ಯವು ವ್ಯಾಟ್‌ಗಳಲ್ಲಿ ದೊರೆಯುವುದು. 53 ಬಂದರೆ ಸುಮಾರು 200 ವ್ಯಾಟ್. 80 ಬಂದರೆ 300. ಆಟದ ಮುಖಪುಟವನ್ನು ತೆರೆದಿಟ್ಟು ಸುಮ್ಮನೆ ಬಿಟ್ಟಾಗ ಒಮ್ಮೆ, ಆಟ ಬಿರುಸಿನಿಂದ ನಡೆಯುವಾಗ ಒಮ್ಮೆ, ಯಂತ್ರವನ್ನು ನಿದ್ರಾಸ್ಥಿತಿಯಲ್ಲಿಟ್ಟಾಗ ಮತ್ತೊಮ್ಮೆ ಎಣಿಸಿ ಪಟ್ಟಿಮಾಡಿರಿ. ನಿದ್ರಾಸ್ಥಿತಿಯಲ್ಲಿ ಐದು ನಿಮಿಷ ಸಾಲದು. ಅರ್ಧ ಗಂಟೆಯಾದರೂ ಕಾಯಬೇಕಾಗುವುದು, ಗುಣಕವೂ 3.75ರ ಬದಲು 0.625 ಆಗುವುದು.